ಕಲ್ಲಂಗಡಿ ಹೊಲದಲ್ಲಿ ನನ್ನ ಹಾಯಿದೋಣಿ

ನಾನು ಅಕ್ಕಿ ಗಿರಣಿಯವನು. ಗಿರಣಿ ಕಂಪ್ಲಿಯಲ್ಲಿ, ಮನೆ ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ. ನಮ್ಮ ವಂಶದಲ್ಲಿ ಹಿಂದೆ ಯಾರೂ ಹಾಯಿದೋಣಿ ಇಟ್ಟವರಿಲ್ಲ. ಇಟ್ಟಿದ್ದರೆ ಅವರ ಪಾಡು ಕೇಳಿಯಾದರೂ ನನಗೆ ಬುದ್ಧಿ ಬರುತ್ತಿತ್ತು. ಕುರೆಕುಪ್ಪದಲ್ಲಿ ಮನೆ ಮಾಡಿಕೊಂಡಿದ್ದ ಕರಾವಳಿಯ ಇಂಜಿನಿಯರೊಬ್ಬರು ನಮ್ಮ ಗಿರಣಿಯಿಂದಲೇ ಅಕ್ಕಿ ಒಯ್ಯುತ್ತಿದ್ದರು. ವರ್ಗವಾಗಿ ಹೊರಟಾಗ ಅವರ ಸಾಮಾನೆಲ್ಲ ಲಾರಿಯಲ್ಲಿ ಹಿಡಿಸಿತು, ದೋಣಿ ಹಿಡಿಸಲಿಲ್ಲ. "ಇದನ್ನು ನೀವೇ ಇಟ್ಟುಕೊಳ್ಳಿ, ಗಾಳಿ ನೋಡಿದರೆ ಸಾಕು, ಉಳಿದದ್ದು ತಾನೇ ಬರುತ್ತದೆ" ಅಂದರು. ಭತ್ತ ತೂರುವವನಿಗೆ ಗಾಳಿಯ ಬಗ್ಗೆ ಯಾರು ಹೇಳಿಕೊಡಬೇಕು ಎಂದುಕೊಂಡು ಒಪ್ಪಿಬಿಟ್ಟೆ.

ಎರಡು ಮಂಚ ಉದ್ದಕ್ಕೆ ಜೋಡಿಸಿದಷ್ಟು ದೊಡ್ಡ ಫೈಬರ್ ದೋಣಿ ಅದು. ಒಂದು ಕಂಬ, ಒಂದು ಹಾಯಿ, ತಳದ ಉದ್ದಕ್ಕೂ ಬೆನ್ನುಮೂಳೆಯಂಥ ದಪ್ಪ ಏಣು. ಹೊಸಪೇಟೆಯಿಂದ ಮರಿಯಮ್ಮನಹಳ್ಳಿಗೆ ಹೋಗುವ ದಾರಿಯಲ್ಲಿ ಬಲಕ್ಕೆ ಇಳಿದರೆ ತುಂಗಭದ್ರಾ ಅಣೆಕಟ್ಟಿನ ಹಿನ್ನೀರು. ಅಲ್ಲಿ ಮೀನುಗಾರರು ತಮ್ಮ ತೆಪ್ಪಗಳನ್ನು ಕಟ್ಟುವ ಜಾಗದ ಪಕ್ಕದಲ್ಲೇ ಇದನ್ನೂ ಕಟ್ಟಿದೆ. ಬಿದಿರಿನ ಬುಟ್ಟಿಯಂಥ ತೆಪ್ಪದಲ್ಲಿ ಕೂತು, ಒಂದೇ ಹುಟ್ಟು ಹಾಕುತ್ತಾ, ಬೀಡಿ ಸೇದುತ್ತಾ ಅವರು ನನ್ನನ್ನು ದಾಟಿ ಹೋಗುತ್ತಿದ್ದರು. ನಾನು ಹಗ್ಗಗಳಲ್ಲಿ ಸಿಕ್ಕಿಕೊಂಡು ಅವರಿಗೆ ಕೈಬೀಸುತ್ತಿದ್ದೆ. ಬೆಳ್ಳಗಿದ್ದ ಹಾಯಿ ಸಂಡೂರಿನ ಕಡೆಯಿಂದ ಬರುವ ಅದಿರಿನ ಧೂಳು ಕುಡಿದು ಕುಡಿದು ಮೊದಲ ವರ್ಷದಲ್ಲೇ ಗುಲಾಲು ಬಣ್ಣಕ್ಕೆ ತಿರುಗಿತು. ನನ್ನ ಹೆಂಡತಿಯಂತೂ ಅದನ್ನು ಒಂದು ದಿನಕ್ಕೂ ದೋಣಿ ಅಂದವಳಲ್ಲ. ಅವಳ ಪಾಲಿಗೆ ಅದು "ನಿಮ್ಮ ಬಾನಿ", ದನಕ್ಕೆ ನೀರು ಕುಡಿಸುವ ಬಾನಿ.

ಯುಗಾದಿಯ ಹೊತ್ತಿಗೆ ದೋಣಿ ನಡೆಯುವುದನ್ನೇ ನಿಲ್ಲಿಸಿತು. ಗಾಳಿ ಇದೆ, ಹಾಯಿ ತುಂಬಿದೆ, ದೋಣಿ ಮಾತ್ರ ಎಬ್ಬಿಸಿದರೂ ಏಳದ ಎಮ್ಮೆ. ಕೈ ಇಳಿಬಿಟ್ಟು ತಳ ಸವರಿದರೆ ಗೇಣುದ್ದದ ಪಾಚಿ, ಅದರ ಒಳಗೆ ಗಟ್ಟಿಯಾದ ಕೆಂಪು ಕೆಸರು, ಸಣ್ಣ ಸಣ್ಣ ಶಂಖದ ಹುಳು. ಇಂಜಿನಿಯರಿಗೆ ಫೋನು ಮಾಡಿದೆ. ಅವರು ಉತ್ಸಾಹದಿಂದ ಕರಾವಳಿಯ ಪದ್ಧತಿ ಹೇಳಿಕೊಟ್ಟರು. ಸಮುದ್ರ ಇಳಿಯುವ ಹೊತ್ತಿಗೆ ದೋಣಿಯನ್ನು ಸಮತಟ್ಟಾದ ಜಾಗದ ಮೇಲೆ ನಿಲ್ಲಿಸಿ ಊರುಗೋಲು ಕೊಡುವುದು. ನೀರು ತಾನಾಗಿ ಹೋಗುತ್ತದೆ, ದೋಣಿ ತಾನಾಗಿ ಕೂರುತ್ತದೆ. ತಳ ಉಜ್ಜಿ ಬಣ್ಣ ಬಳಿದು ಮುಗಿಸುವಷ್ಟರಲ್ಲಿ ಉಬ್ಬರ ಬಂದು ತಾನಾಗಿ ಎತ್ತಿಕೊಳ್ಳುತ್ತದೆ. ಎಲ್ಲವೂ ತಾನಾಗಿ ಆಗುತ್ತದೆ ಎಂದರೆ ನನ್ನಂಥವನಿಗೆ ಕೇಳಬೇಕೆ?

ನನಗೆ ಅಷ್ಟೂ ತಿಳಿಯದೆ ಇರಲಿಲ್ಲ. ನಮ್ಮ ಹಿನ್ನೀರೂ ಇಳಿಯುತ್ತದೆ, ಬೇಸಿಗೆಯಲ್ಲಿ ದಿನಾ ಎರಡು ಬೆರಳು ಮೂರು ಬೆರಳು ಇಳಿಯುತ್ತದೆ. ಆದರೆ ಅದು ಸಂಜೆಗೆ ತಿರುಗಿ ಬರುವ ಪೈಕಿ ಅಲ್ಲ. ಹೋದರೆ ಆಷಾಢದ ಹೊತ್ತಿಗೇ ಬರುವುದು. ಇದು ಅಣೆಕಟ್ಟಿನ ನೀರು ನಂಬಿ ಭತ್ತ ಕುಟ್ಟುವ ನನಗೆ ಗೊತ್ತಿಲ್ಲವೆ? ಗೊತ್ತಿದ್ದುದರಿಂದಲೇ ಇನ್ನೂ ಜಾಣತನದ ಲೆಕ್ಕ ಹಾಕಿದೆ. ನೀರು ಪೂರ್ತಿ ಬಿಟ್ಟುಹೋಗುವ ಮೊದಲೇ ಕೆಲಸ ಮುಗಿಸಿ, ಹಿಂಭಾಗದಲ್ಲಿ ಇನ್ನೂ ತೆಳ್ಳಗೆ ನೀರಿರುವಾಗಲೇ ಜಗ್ಗಿಕೊಂಡು ಹೊರಡುವುದು. ಅದಕ್ಕೆಂದೇ ಲಂಗರನ್ನು ದೂರದ ಆಳದ ನೀರಿಗೆ ಎಸೆದೆ. ಲಂಗರಿನ ಹಗ್ಗ ಹಿಡಿದು ಜಗ್ಗಿದರೆ ದೋಣಿ ನೀರಿಗೆ ಜಾರಬೇಕು.

ಕೂರಿಸಿದ್ದು ಮಾತ್ರ ಭರ್ಜರಿಯಾಗಿ. ಬಿದಿರು ಚುಚ್ಚಿ ಚುಚ್ಚಿ ತಳ ನೋಡಿ, ಸಮತಟ್ಟಾದ ಒಂಡುಮಣ್ಣಿನ ಜಾಗ ಆರಿಸಿದೆ. ಸೊಂಟದ ನೀರಿನಲ್ಲಿ ನಿಂತು ಕಾಲಲ್ಲೇ ತಡಕಿ ಕಲ್ಲುಗಳನ್ನು ತೆಗೆದೆ. ದೋಣಿಯ ಎರಡೂ ಪಕ್ಕಕ್ಕೆ ಸರ್ವೆ ಗಳಗಳನ್ನು ಕಾಲಿನ ಹಾಗೆ ಕಟ್ಟಿ, ಅವು ಹೂತುಹೋಗದಂತೆ ಬುಡಕ್ಕೆ ಹಲಗೆ ಬಡಿದೆ. ಗಿರಣಿಯಿಂದ ಭತ್ತದ ಹೊಟ್ಟು ತುಂಬಿದ ಚೀಲಗಳನ್ನು ತಂದು, ಬಾಣಂತಿಗೆ ದಿಂಬು ಕೊಟ್ಟ ಹಾಗೆ ಹೊಟ್ಟೆಯ ಎರಡೂ ಬದಿಗೆ ಇಟ್ಟೆ. ನೀರು ಇಳಿಯಿತು, ದೋಣಿ ಒಂದಿಷ್ಟೂ ವಾಲದೆ ನೆಟ್ಟಗೆ ಕೂತಿತು. ಮೀನುಗಾರರು ಕೂಡ ಬಂದು ನೋಡಿ, "ಮಸ್ತ್ ಕುಂತೈತಿ ಬಿಡ್ರಿ" ಅಂದರು. ಆ ಮಾತಿನಲ್ಲಿ 'ಇನ್ನು ಏಳುವುದಿಲ್ಲ' ಎಂಬ ಅರ್ಥವೂ ಇತ್ತೇನೋ, ಹೊಗಳಿಕೆಗೆ ಬಾಯಿ ಬಿಟ್ಟಿದ್ದ ನನಗೆ ಅದು ಕೇಳಿಸಲಿಲ್ಲ. ಫೋಟೋ ತೆಗೆದು ಕರಾವಳಿಗೆ ಕಳಿಸಿದೆ.

ತಳ ಉಜ್ಜಲು ಹೆಂಡತಿಯೂ ಬಂದಳು. ಪಾತ್ರೆ ತಿಕ್ಕುವ ತೆಂಗಿನ ನಾರು, ಹೊಟ್ಟಿನ ಬೂದಿ. ಅರ್ಧ ಗಂಟೆಯಲ್ಲಿ ಅವಳ ಪಾಲಿನ ಜಾಗ ತಟ್ಟೆಯ ಹಾಗೆ ಹೊಳೆಯಿತು, ನನ್ನ ಪಾಲಿನದು ಪಾಚಿಯನ್ನು ಸಮನಾಗಿ ಹರಡಿದ ಹಾಗೆ ಕಂಡಿತು. "ಮನ್ಯಾಗ ಒಂದ್ ಲೋಟಾ ತೊಳದಿಲ್ಲ, ಇಲ್ಲಿ ಬಾನಿ ತೊಳ್ಯಾಕ ಬಂದೀರಿ" ಅಂದಳು. ನಾನು ಬಣ್ಣದ ಡಬ್ಬಿ ತೆರೆದೆ. ಮೊದಲ ಕೋಟು ಬಳಿದಾಯಿತು. ಅದು ಒಣಗಬೇಕು. ಮರುದಿನ ಸಂಡೂರಿನಲ್ಲಿ ಅವಳ ತವರಿನ ಕಡೆ ಮದುವೆ. ತಪ್ಪಿಸುವ ಹಾಗಿಲ್ಲ, ಹೇಗೂ ಬಣ್ಣ ಒಣಗಬೇಕಲ್ಲ ಎಂದು ಧೈರ್ಯವಾಗಿ ಹೋದೆ. ಮದುವೆ ಮನೆಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ದೋಣಿ ಕೂರಿಸುವ ಶಾಸ್ತ್ರವನ್ನು ವಿವರಿಸಿದೆ. ಬೀಗರು ಒಂದು ದಿನ ಹೆಚ್ಚು ಉಳಿಸಿಕೊಂಡರು. ಗೋಧಿ ಹುಗ್ಗಿ ಇತ್ತು, ನಾನೂ ಉಳಿದೆ.

ತಿರುಗಿ ಬಂದಾಗ ನೀರು ಒಂದು ಕೂಗಿನಷ್ಟು ದೂರದಲ್ಲಿತ್ತು. ನಾನು ಮರೆತದ್ದು ಇಷ್ಟೇ: ಆ ದಂಡೆ ಅಂಗೈಯಷ್ಟು ಸಪಾಟು. ನೀರು ಎರಡು ಬೆರಳು ಇಳಿದರೆ ಅಂಚು ಹತ್ತಾರು ಹೆಜ್ಜೆ ಹಿಂದಕ್ಕೆ ಓಡುತ್ತದೆ. ಸಮತಟ್ಟು ಜಾಗ ಬೇಕೆಂದು ಹುಡುಕಿ ಹುಡುಕಿ ಆರಿಸಿದವನು ನಾನೇ. ಆಳಕ್ಕೆ ಎಸೆದಿದ್ದ ಲಂಗರು ಒಣ ಮಣ್ಣಿನ ಮೇಲೆ ಬಿದ್ದಿತ್ತು, ಅದರ ಪಕ್ಕದಲ್ಲಿ ಒಂದು ನಾಯಿ ಕಾಲು ಚಾಚಿ ಮಲಗಿತ್ತು. ದೋಣಿಯ ಮುಂದೆ ಸೊಂಟದ ಮೇಲೆ ಕೈಯಿಟ್ಟುಕೊಂಡು ಒಬ್ಬ ಹೆಂಗಸು ನಿಂತಿದ್ದಳು. ಸುಮಾರು ನನ್ನದೇ ವಯಸ್ಸು, ಕಂಕುಳಲ್ಲಿ ಬುಟ್ಟಿ, ಕೈಯಲ್ಲಿ ಸಲಿಕೆ.

"ಈ ಡಬ್ಬಿ ನಿಮ್ದೇನ್ರಿ ಸಾವ್ಕಾರ್ರೆ?"

"ಹೌದು ಯಕ್ಕಾ."

"ನನ್ ಹೊಲದಾಗ ಯಾಕ ಇಟ್ಟೀರಿ?"

"ನಾನು ಇಟ್ಟಾಗ ನೀರಿತ್ತು" ಅಂದೆ.

"ಈಗೈತೇನು?"

ಹಿನ್ನೀರು ಹಿಂದೆ ಸರಿದಂತೆ ಬಿಟ್ಟುಹೋಗುವ ಮೆಕ್ಕಲು ಮಣ್ಣಿನಲ್ಲಿ ದಂಡೆಯ ಊರಿನವರು ಕಲ್ಲಂಗಡಿ, ಸೌತೆ ಹಾಕುತ್ತಾರೆ. ಅದಕ್ಕೆ ಕಾಗದವಿಲ್ಲ, ಬೇಲಿಯಿಲ್ಲ. ಮೇಲಿನ ದಂಡೆಯಲ್ಲಿ ಯಾರ ಮನೆತನದ ಗುರುತಿನ ಕಲ್ಲಿದೆಯೋ ಅಲ್ಲಿಂದ ನೀರಿನವರೆಗೆ ನೆಟ್ಟಗೆ ಅವರ ಪಟ್ಟಿ. ನೀರು ಇಳಿದಂತೆ ಪಟ್ಟಿ ಉದ್ದವಾಗುತ್ತದೆ. ನೀರಿನ ಅಂಚಿನ ಹಸಿ ಮಣ್ಣಿನಲ್ಲಿ ಕುಣಿ ತೋಡಿ ಬೀಜ ಊರುತ್ತಾ ಅವರು ನೀರಿನ ಬೆನ್ನು ಹತ್ತಿ ಹೋಗುತ್ತಾರೆ. ನನ್ನ ದೋಣಿ ಆಕೆಯ ಪಟ್ಟಿಗೆ ಸರಿಯಾಗಿ ನಡುಮಧ್ಯೆ ಅಡ್ಡಡ್ಡ ಕೂತಿತ್ತು. "ಎರಡ ದಿನ ಯಕ್ಕಾ, ತಗಿಸ್ತೀನಿ" ಎಂದು ಮಾತು ಕೊಟ್ಟೆ. ಆಕೆ ನನ್ನನ್ನು ನಂಬಿ, ದೋಣಿ ಎಳೆಯುವಾಗ ಕುಣಿ ಹಾಳಾದಾವೆಂದು ಬೀಜ ಊರದೆ ಕಾದಳು. ಆ ವರ್ಷ ಆಕೆ ಮಾಡಿದ ತಪ್ಪು ಅದೊಂದೇ.

ಗಿರಣಿಯ ಟ್ರ್ಯಾಕ್ಟರು ತರಿಸಿದೆ. ಚಾಲಕ ದಂಡೆಯ ಮೇಲೆಯೇ ನಿಲ್ಲಿಸಿ, "ಬ್ಯಾಡ್ರಿ, ಮಣ್ಣು ಮ್ಯಾಲೆ ಒಣಗೈತಿ, ಒಳಗ ಹಸೀ ಐತಿ" ಅಂದ. ಗಿರಣಿಯ ಯಜಮಾನ ನಾನೋ ಅವನೋ? ಇಳಿಸು ಅಂದೆ. ಇಳಿಸಿದ. ದೋಣಿಯ ಹತ್ತಿರ ಬರುವಷ್ಟರಲ್ಲಿ ಹಿಂದಿನ ಗಾಲಿಗಳು ಅರ್ಧಕ್ಕೆ ಹೂತುಹೋದವು. ಈ ಟ್ರ್ಯಾಕ್ಟರನ್ನು ಎಳೆಯಲು ಇನ್ನೊಂದು ಟ್ರ್ಯಾಕ್ಟರು ಬಂತು. ಅದು ದಂಡೆಯ ಮೇಲೆ ನಿಂತು ಎಳೆಯಿತು, ನಮ್ಮ ಚಾಲಕ ಗಾಬರಿಯಲ್ಲಿ ಗೇರು ತಪ್ಪಿಸಿ ಮುಂದಕ್ಕೆ ಒತ್ತಿದ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅಂತಾರಲ್ಲ, ಅದನ್ನು ಕಣ್ಣಾರೆ ಕಂಡೆ. ಸಂಜೆಯ ಹೊತ್ತಿಗೆ ಟ್ರ್ಯಾಕ್ಟರು ಮೇಲೆ ಬಂತು. ದೋಣಿ ಅಲ್ಲೇ ಇತ್ತು, ಮೊದಲಿಗಿಂತ ಒಂದು ಗೇಣು ಆಳಕ್ಕೆ. ಅಕ್ಕಪಕ್ಕದ ಪಟ್ಟಿಗಳಲ್ಲಿ ಅಷ್ಟರಲ್ಲಿ ಕುಣಿಗಳು ಬಿದ್ದು ಬೀಜ ಊರಿಯಾಗಿತ್ತು, ಇನ್ನು ಯಾವ ದಾರಿಯಿಂದಲೂ ಗಾಡಿ ಇಳಿಸುವಂತಿರಲಿಲ್ಲ.

ನಾಳೆ ನಾಡಿದ್ದು ಎನ್ನುತ್ತಾ ನನ್ನ ಎರಡು ದಿನಗಳು ಹತ್ತಿರ ಹತ್ತಿರ ಮೂರು ವಾರವಾದವು. ಕೊನೆಗೆ ಆಕೆ ನನ್ನನ್ನು ಕಾಯುವುದು ಬಿಟ್ಟು ದೋಣಿಯ ಸುತ್ತಲೂ ಕುಣಿ ತೋಡಿದಳು. "ಇದನ್ನ ಒಂದ್ ಬಂಡಿಗಲ್ಲು ಅಂದ್ಕಂತೀನಿ" ಅಂದಳು. ಅಕ್ಕಪಕ್ಕದವರ ಬಳ್ಳಿ ಹೂವು ಬಿಡುವಾಗ ಆಕೆಯದು ಇನ್ನೂ ಎರಡೆಲೆ. ಕಲ್ಲಂಗಡಿ ಮಾಗುವುದು ಮೂರು ತಿಂಗಳಿಗೆ, ನೀರು ತಿರುಗಿ ಬರುವುದೂ ಹೆಚ್ಚುಕಡಿಮೆ ಆಗಲೇ. ಬೇರೆಯವರೆಲ್ಲ ಹಣ್ಣು ಕಿತ್ತು ಮಾರಿ ಕಾಲು ಚಾಚಿ ಕೂತಿರುವಾಗ ಆಕೆಯ ಕಾಯಿ ಮಾತ್ರ ಬಳ್ಳಿಯಲ್ಲಿರುತ್ತದೆ. ಹಣ್ಣು ಮೊದಲೋ ನೀರು ಮೊದಲೋ ಎಂಬುದು ನನ್ನ ಒಂದು ಹುಗ್ಗಿ ಊಟದ ಮೇಲೆ ನಿಂತುಬಿಟ್ಟಿತು.

ಗಿರಣಿಗೆ ಬೇಸಿಗೆಯಲ್ಲಿ ಕೆಲಸ ಕಡಿಮೆ. ನಾನು ದಿನಾ ಬೆಳಗ್ಗೆ ಅಲ್ಲಿಗೆ ಹೋಗತೊಡಗಿದೆ. ಹೋದವನು ಸುಮ್ಮನೆ ಹೇಗೆ ನಿಲ್ಲುವುದು? ಆಕೆ ಒಂದು ಕೊಡ ಕೊಟ್ಟಳು. ದೂರದ ನೀರಿನಿಂದ ಕೊಡ ಹೊತ್ತು ತಂದು ಕುಣಿಗಳಿಗೆ ಹಾಕುವ ಕೆಲಸ. ಲೋಕದಲ್ಲಿ ದೋಣಿ ಇರುವವರೆಲ್ಲ ಅದನ್ನು ನೀರಿಗೆ ಒಯ್ಯುತ್ತಾರೆ. ನಾನು ನೀರನ್ನು ಕೊಡದಲ್ಲಿ ದೋಣಿಯ ಬುಡಕ್ಕೆ ಹೊತ್ತೆ. ಹೊಟ್ಟಿನ ಚೀಲಗಳನ್ನು ಬಿಚ್ಚಿಸಿ ಬಳ್ಳಿಗಳ ಬುಡಕ್ಕೆ ಹರಡಿಸಿದಳು. ಕಾಯಿ ಹಸಿಮಣ್ಣಿಗೆ ತಾಗಿ ಕೊಳೆಯಬಾರದಂತೆ. ಹಾಯಿಯನ್ನು ಬಿಚ್ಚಿಸಿ ಚಪ್ಪರ ಮಾಡಿಸಿದಳು. ಆಕೆಯ ರೊಟ್ಟಿ ಗಂಟು ನನ್ನ ಕಂಬಕ್ಕೆ ನೇತಾಡುತ್ತಿತ್ತು, ಆಕೆಯ ಆಡು ನನ್ನ ಚುಕ್ಕಾಣಿಗೆ ಕಟ್ಟಿರುತ್ತಿತ್ತು. ಮಧ್ಯಾಹ್ನ ದೋಣಿಯೊಳಗೆ ಕೂತು ಹಂದಿ ದನ ಬರದಂತೆ ಕಾಯುತ್ತಿದ್ದೆ. ಮೂರು ಹೊತ್ತೂ ಬೈಸಿಕೊಳ್ಳುತ್ತಿದ್ದೆ ಕೂಡ. ಆಕೆಗೆ ಸಿಟ್ಟು ಬಂದಾಗ ಬಾಯಿಗೆ ಬಿಡುವಿಲ್ಲ, ಬರದಿದ್ದಾಗಲೂ ಇಲ್ಲ. ಕಾಲು ತಪ್ಪಿ ಕುಣಿಯಲ್ಲಿಟ್ಟರೆ ಬೈಗುಳ, ನೀರು ಹೆಚ್ಚಾದರೆ ಬೈಗುಳ, ಬಳ್ಳಿಯನ್ನು ಮುಟ್ಟಿ ನೋಡಿದರೆ "ಅದೇನ್ ನಿಮ್ಮ ಮಮ್ಮಗಳೇನ್ರಿ, ಗಲ್ಲಾ ಹಿಂಡಾಕ?" ಆದರೂ ಖುಷಿಯಾಗಿದ್ದೆ. ಹಾಯಿ ಹಿಡಿದು ನೀರಿನ ಮೇಲಿದ್ದಾಗ ಇಷ್ಟು ಖುಷಿ ಇರಲಿಲ್ಲವೆಂಬುದನ್ನು ಇಲ್ಲಿ ಬರೆದೇಬಿಡುತ್ತೇನೆ, ಹೇಗೂ ಹೆಂಡತಿ ಇದನ್ನು ಓದುವುದಿಲ್ಲ.

ಜೂನ್ ಮುಗಿಯಿತು. ನಮ್ಮ ಕಡೆ ಆ ದಿನಗಳಲ್ಲಿ ಯಾರಿಗೆ ಯಾರು ಸಿಕ್ಕರೂ ಮೊದಲ ಮಾತು, "ಡ್ಯಾಮಿಗೆ ನೀರು ಬಂತೇನ್ರಿ?" ಕಂಪ್ಲಿಯಲ್ಲಂತೂ ಚಹಾದ ಅಂಗಡಿಯಿಂದ ಹಿಡಿದು ಗಿರಣಿಯ ಹಮಾಲರವರೆಗೆ ಎಲ್ಲರಿಗೂ ಅದೇ ಜಪ. ಕಾಲುವೆಗೆ ನೀರು ಬಿಟ್ಟರೆ ನಾಟಿ, ನಾಟಿಯಾದರೆ ಭತ್ತ, ಭತ್ತ ಬಂದರೆ ನನ್ನ ಗಿರಣಿ. ಇಷ್ಟು ವರ್ಷ ನಾನೂ ಅದೇ ಜಪ ಮಾಡಿದವನು. ಈ ಸಲ ಮಾತ್ರ, "ಬರ್ತತಿ ಬಿಡ್ರಿ, ಏನ್ ಅವಸರ?" ಅಂದುಬಿಟ್ಟೆ. ಹಮಾಲರು ಮುಖ ಮುಖ ನೋಡಿಕೊಂಡರು. ಯಜಮಾನರಿಗೆ ಬಿಸಿಲು ತಲೆಗೇರಿದೆ ಎಂಬ ಸುದ್ದಿ ನಾನು ಮನೆ ಮುಟ್ಟುವ ಮೊದಲೇ ಚಿತ್ತವಾಡ್ಗಿ ಮುಟ್ಟಿತ್ತು.

ಸೋಮವಾರ ಹೆಂಡತಿಯ ಜೊತೆ ಹಂಪಿಗೆ ಹೋದೆ. ಬಜಾರಿನ ಕಲ್ಲುಮಂಟಪಗಳ ಸಾಲು ದಾಟಿ ಗುಡಿಯೊಳಗೆ ಹೋಗಿ ವಿರೂಪಾಕ್ಷನ ಮುಂದೆ ಕಣ್ಣು ಮುಚ್ಚಿ ಎಂದಿಗಿಂತ ಹೆಚ್ಚು ಹೊತ್ತು ನಿಂತೆ. ಹೊರಗೆ ಬಂದಾಗ ಅವಳು ಕೇಳಿದಳು, "ಏನ್ ಬೇಡ್ಕಂಡ್ರಿ ಅಷ್ಟೊತ್ತು?"

"ನೀರು ಒಂದೆಂಟು ದಿನ ತಡಾ ಆಗ್ಲಿ ಅಂತ."

ಅವಳು ಚಪ್ಪಲಿ ಹಾಕಿಕೊಳ್ಳುತ್ತಿದ್ದವಳು ಅರ್ಧಕ್ಕೇ ನಿಂತಳು. "ಅಕ್ಕಿ ಗಿರಣಿ ಇಟ್ಕಂಡು ಹಂಗ ಬೇಡ್ಕಂಡ ಮನಷ್ಯಾನ್ನ ಆ ದೇವ್ರೂ ಇವತ್ತ ಮೊದ್ಲು ನೋಡಿರ್ತಾನ" ಅಂದಳು. ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಬಿಟ್ಟು ಹಿಂದೆ ಹೋಗಿ ಕೂತಳು. ನನಗೆ ಒಳಗೊಳಗೇ ಹೆಮ್ಮೆ. ಸ್ವಂತ ಲಾಭ ಬಿಟ್ಟು ಇನ್ನೊಬ್ಬರಿಗಾಗಿ ಬೇಡಿಕೊಂಡಿದ್ದೆನಲ್ಲ. ಅಂಥ ದೊಡ್ಡ ಮನಸ್ಸು ನನಗಿದೆ ಎಂಬುದು ಆವರೆಗೆ ಯಾರಿಗೂ ತಿಳಿದಿರಲಿಲ್ಲ, ನನಗೂ ಸಹ.

ದೇವರು ಎಂಟು ದಿನ ಕೊಡಲಿಲ್ಲ. ಆ ವಾರವೇ ಮೇಲಿನ ಸೀಮೆಯಲ್ಲಿ ಮಳೆ ಜಡಿಯಿತು, ಕೆಂಪು ನೀರು ಬಂತು. ಹೋಗುವಾಗ ಓಡಿದ್ದ ನೀರು ಬರುವಾಗಲೂ ನಡೆದು ಬರಲಿಲ್ಲ. ಬೆಳಗ್ಗೆ ನಾನು ಹೆಂಡತಿಯನ್ನೂ ಕರೆದುಕೊಂಡು ಹೋದಾಗ ಹೊಲದಾಕೆಯ ಪಟ್ಟಿಯ ಕೆಳಗಿನ ಅರ್ಧ ಮುಳುಗಿ, ಬಳ್ಳಿಯಿಂದ ಕಳಚಿದ ಕಾಯಿಗಳು ನೀರಿನ ಮೇಲೆ ತೇಲಿಕೊಂಡು ಅಲೆಯುತ್ತಿದ್ದವು. ಉಳಿದರ್ಧದಲ್ಲಿ ಆಕೆ ಒಬ್ಬಳೇ ಬಗ್ಗಿ, ಬೆರಳಿನಿಂದ ತಟ್ಟಿ ಸದ್ದು ಕೇಳಿ, ಮಾಗಿದ್ದನ್ನು ಕೀಳುತ್ತಿದ್ದಳು. ನಾವೂ ಸೇರಿಕೊಂಡೆವು. ದಂಡೆಯವರೆಗೆ ಹೊತ್ತು ಹಾಕುವಷ್ಟು ಪುರುಸೊತ್ತಿಲ್ಲ. "ಬಾನ್ಯಾಗ ಹಾಕ್ರಿ" ಎಂದು ಹೆಂಡತಿ ಕೂಗಿದಳು. ದೋಣಿಯೊಳಗೆ ಹಣ್ಣು ಬೀಳತೊಡಗಿದವು. ಮೊದಮೊದಲು ಧಡ್ ಎಂದು, ಆಮೇಲೆ ಒಂದರ ಮೇಲೊಂದು ಮೆತ್ತಗೆ. ನೀರು ನಮ್ಮ ಪಾದ ಮುಚ್ಚಿತು. ತಳದ ಸುತ್ತ ಗುಳ್ಳೆಗಳೆದ್ದವು. ಅಷ್ಟು ತಿಂಗಳು ಹೂತುಕೂತಿದ್ದ ದೋಣಿ ಒಮ್ಮೆ ನಡುಗಿತು.

ದೋಣಿ ಅಂಚಿನವರೆಗೆ ತುಂಬಿತ್ತು. ಅರ್ಧ ಬೆಳೆ ಉಳಿದಿತ್ತು, ಅರ್ಧ ಹೋಗಿತ್ತು. ಉಳಿದದ್ದರ ಸಂತೋಷಕ್ಕೋ ಹೋದದ್ದರ ಸಂಕಟಕ್ಕೋ, ನನಗೆ ಬಾಯಿ ಬಿಟ್ಟು ಹೇಳಿಕೊಳ್ಳಬೇಕೆನಿಸಿತು. "ಯಕ್ಕಾ, ನಿನ್ನ ಸಲುವಾಗಿ ಹಂಪಿಗೆ ಹೋಗಿ ನೀರು ಎಂಟು ದಿನ ತಡಾ ಆಗ್ಲಿ ಅಂತ ಬೇಡ್ಕಂಡು ಬಂದಿದ್ದೆ, ಆಗ್ಲಿಲ್ಲ ನೋಡು" ಅಂದೆ.

ಆಕೆ ಕೈಯಲ್ಲಿದ್ದ ಹಣ್ಣನ್ನು ದೋಣಿಯೊಳಗಿಟ್ಟು ನನ್ನ ಕಡೆ ತಿರುಗಿದಳು. ಮೂರು ತಿಂಗಳು ನಾನು ಬೈಸಿಕೊಂಡದ್ದೆಲ್ಲ ಬರೀ ಮಾತು ಎಂಬುದು ಆ ಮುಖ ನೋಡಿದಾಗಲೇ ಗೊತ್ತಾದದ್ದು.

"ಹಂಗ ಬೇಡ್ಕಂಡ್ರೇನ್ರಿ ನೀವು?" ದನಿ ಏರಿರಲಿಲ್ಲ. "ನನ್ ಮಗಳ್ನ ಕಂಪ್ಲಿ ಆಚೀಗೆ ಕೊಟ್ಟೀನಿ. ಕಾಲುವಿ ತುದ್ಯಾಗ ಎರಡೆಕರೆ ಗದ್ದಿ. ಸಸಿ ಹಾಕ್ಕಂಡು ಕುಂತಾರ, ಹಳದಿ ಆಗೈತಿ ಅಂತ ದಿನಾ ಫೋನ್ ಮಾಡ್ತಾಳ. ನಾನು ದಿನಾ ಈ ನೀರಿಗೆ ಜಲ್ದಿ ಬಾರವ್ವಾ ಅಂತ ಬೇಡ್ಕಂತೀನಿ. ನೀವು ತಡಾ ಬಾ ಅಂತೀರಿ."

"ಮತ್ತ ನಿನ್ನ ಹಣ್ಣು?" ಅಂದೆ.

"ಹಣ್ಣು! ಇದು ಹೊಳಿಯವ್ವನ ಜಾಗ, ಆಕಿ ಇಲ್ಲದಾಗ ನಾವ್ ಬಿತ್ತಿರ್ತೀವಿ. ಬರೂ ನೀರಿಗೆ ಯಾರಾರ ಬ್ಯಾಡ ಅಂತಾರೇನ್ರಿ?"

ನನ್ನ ಹೆಂಡತಿ ನೀರಿನ ಕಡೆ ನೋಡುತ್ತಾ ನಿಂತಿದ್ದಳು, ನನ್ನ ಕಡೆ ನೋಡಲಿಲ್ಲ. ಹಂಪಿಯಿಂದ ಹೊತ್ತು ತಂದಿದ್ದ ನನ್ನ ದೊಡ್ಡ ಮನಸ್ಸನ್ನು ಎಲ್ಲಿ ಇಳಿಸುವುದೆಂದು ತಿಳಿಯದೆ ನಾನು ನಿಂತಿದ್ದೆ. ಆಕೆ ಬಗ್ಗಿ ಬೊಗಸೆಯಲ್ಲಿ ಆ ಕೆಂಪು ನೀರು ಎತ್ತಿ ಕಣ್ಣಿಗೊತ್ತಿಕೊಂಡಳು, ತಲೆಯ ಮೇಲೆ ಹಾಕಿಕೊಂಡಳು. ಆಮೇಲೆ ನನಗೆ ಹೇಳಿದಳು, "ನೀವೂ ಮಾಡ್ರಿ. ಬಾ ಅನ್ರಿ."

ಬಗ್ಗಿದೆ. ಬೊಗಸೆ ತುಂಬಿಕೊಂಡೆ. ನಾಚಿಕೆಯಿಂದ ಮೊದಲ ಸಲ ಬಾಯೊಳಗೇ ಗೊಣಗಿದೆ. "ಜೋರಾಗಿ ಅನ್ರಿ, ಆಕೀಗೆ ಕೇಳಬೇಕು" ಅಂದಳು.

"ಬಾರವ್ವಾ" ಅಂದೆ. ಅಷ್ಟರಲ್ಲಿ ಅದು ನನ್ನ ಮೊಣಕಾಲು ದಾಟಿತ್ತು.